ಐದು ಟೋಕನ್

ಬೆಳಗಿನ ಐದೂವರೆಗೆ ಮೆಜೆಸ್ಟಿಕ್ಕು.
ಕಂಪ್ಲಿಯ ಬಸ್ಸು ನಮ್ಮನ್ನು ಇಳಿಸಿ ಹೋಯಿತು,
ಎರಡು ಬ್ಯಾಗು, ಒಂದು ಬುತ್ತಿಗಂಟಿನ ಸಮೇತ.
ಇವರು ಸೊಂಟಕ್ಕೆ ಕೈಯಿಟ್ಟು ನಿಂತರು,
ಊರನ್ನೇ ಗುತ್ತಿಗೆ ಹಿಡಿದವರ ಹಾಗೆ:
"ನನಗ ಬೆಂಗಳೂರು ಗೊತ್ತೈತಿ.
ತೊಂಬತ್ತೆಂಟರಾಗ ಎರಡು ತಿಂಗಳು ಇದ್ದೆ."

ಇವರ ಬೆಂಗಳೂರಿನಲ್ಲಿ ಒಂದು ಟಾಕೀಸು,
ಎದುರಿಗೆ ಸೈಕಲ್ ಸ್ಟ್ಯಾಂಡು,
ಪಕ್ಕದಲ್ಲಿ ಬಾದಾಮಿ ಹಾಲಿನ ಗಾಡಿ,
ಅಲ್ಲಿ ಎಡಕ್ಕೆ ಹೊರಳಿದರೆ ಲಾಡ್ಜು.
ಹೊರಳಿದೆವು.
ಟಾಕೀಸಿನ ಜಾಗದಲ್ಲಿ ಗಾಜಿನ ಅಂಗಡಿ,
ಒಳಗೆ ಹೊಸ ಬಟ್ಟೆ ತೊಟ್ಟ, ತಲೆಯಿಲ್ಲದ ಮಂದಿ.
ಮತ್ತೆ ಎಡಕ್ಕೆ. ಮತ್ತೆ ಎಡಕ್ಕೆ.
ಬಸ್ಸು ಇಳಿದಲ್ಲಿಗೇ ಬಂದು ನಿಂತಾಗ
"ಪ್ರದಕ್ಷಿಣಿ ಆತು" ಅಂದಳು ಮಗಳು.
"ಉಲ್ಟಾ" ಅಂದಳು ಹಂಪಮ್ಮತ್ತಿ.

(ಇವರ ಅಕ್ಕ. ಮಕ್ಕಳಿಗೆ ಅತ್ತಿ,
ಕೇಳಿ ಕೇಳಿ ನನಗೂ ಅದೇ ರೂಢಿ.)

ಆಟೋದವನು ಬುತ್ತಿಗಂಟು ನೋಡಿ ರೇಟು ಹೇಳಿದ.
ಮೊಬೈಲಿನಲ್ಲಿ ಕರೆದ ಇನ್ನೊಂದು ಆಟೋ
ಮೂರು ನಿಮಿಷ, ಆರು ನಿಮಿಷ, ಎರಡು ನಿಮಿಷ,
ಹನ್ನೊಂದು ನಿಮಿಷ—
ಕೊನೆಗೆ ಚಾಲಕನೇ ಫೋನು ಮಾಡಿ
ಎಲ್ಲಿದ್ದೀರಿ ಅಂತ ಹಿಂದಿಯಲ್ಲಿ ಕೇಳಿದ.
ಅದು ನಮಗೆ ಗೊತ್ತಿದ್ದರೆ!

ಅತ್ತಿಗೆ ಇಲ್ಲಿ ರಸ್ತೆ ದಾಟುವುದೆಂದರೆ
ತುಂಬಿದ ಹೊಳೆ ದಾಟಿದ ಹಾಗೆ.
ಆಚೆ ದಂಡೆ ಮುಟ್ಟಿದ್ದೇ ಬೆರಳು ಮಡಿಚುತ್ತಾಳೆ:
ತಮ್ಮ ಒಂದು, ತಮ್ಮನ ಹೆಂಡತಿ ಎರಡು,
ಹುಡುಗಿ ಮೂರು, ಹುಡುಗ ನಾಕು.
"ಐದು ಮಂದಿ ಇದ್ವಲ್ಲೋ!"
"ನೀನ ಅತ್ತಿ, ಐದು" ಅನ್ನುತ್ತಾನೆ ಮಗ, ಪ್ರತಿ ಸಲ.
"ಹೌದಲ್ಲ" ಅಂತ ಉಳಿದ ಹೆಬ್ಬೆರಳನ್ನು
ತನ್ನೆದೆಗೆ ಒತ್ತಿಕೊಳ್ಳುತ್ತಾಳೆ.

ಕೊನೆಗೆ ಮೆಟ್ರೋ, ನೆಲದಡಿಗೆ.
ಐದು ಟೋಕನ್ನು.
ಕಳಕೊಂಡೀರಿ ಅಂತ ಗೇಟು ದಾಟಿಸಿದ್ದೇ
ಐದನ್ನೂ ಜೇಬಿಗೆ ಇಳಿಸಿದರು ಇವರು.
ರೈಲು ಬಂತು. ಜನ ಇಳಿದರು, ಜನ ಹತ್ತಿದರು,
ಜನವೇ ನಮ್ಮನ್ನೂ ಹತ್ತಿಸಿತು.
ಹೊರಗೆ ನಿಂತ ಅತ್ತಿ ಎಣಿಸುತ್ತಿದ್ದಳು—
ಒಂದು, ಎರಡು, ಮೂರು, ನಾಕು—

ಬಾಗಿಲು ಮುಚ್ಚಿತು.

ಗಾಜಿನಾಚೆ ನಾಲ್ಕು ಬೆರಳು ಮಡಿಚಿದ ಕೈ.
ಮುಖದ ಮೇಲೆ, ಏನು ಹೇಳಲಿ, ಸಮಾಧಾನ:
ಎಲ್ಲಾರೂ ಹತ್ತಿದರಲ್ಲ.

ಫೋನು ಹಚ್ಚಿದೆ.
ನನ್ನ ಬ್ಯಾಗಿನೊಳಗೇ ರಿಂಗಾಯಿತು.

ಚಿಕ್ಕಪೇಟೆಯಲ್ಲಿ ಇಳಿದು, ಓಡಿ, ತಿರುಗಿ ಬಂದರೆ
ಅವಳು ನಿಂತಲ್ಲಿ ಯಾರೋ ನಿಂತಿದ್ದಾರೆ.
ಇವರು ಕಾವಲಿನ ಹುಡುಗಿಯ ಮುಂದೆ ನಿಂತು
ನಾನು ಮದುವೆಯಾದಾಗಿನಿಂದ ಕೇಳದ ದನಿಯಲ್ಲಿ
"ಅವ್ವಾ, ನನಗ ಈ ಊರು ಗೊತ್ತಿಲ್ಲ" ಅಂದರು.
ಅವಳು ವಾಕಿಟಾಕಿ ಎತ್ತಿದಳು.
"ಸೀರೆ ಯಾವ ಬಣ್ಣ?"
ನಾಲ್ವರೂ ಒಟ್ಟಿಗೆ ಬಾಯಿಬಿಟ್ಟೆವು.
ನಾಲ್ಕು ಬಣ್ಣ.

ಸಿಕ್ಕಳು. ಲಾಲ್‌ಬಾಗ್ ಸ್ಟೇಷನ್ನಿನಲ್ಲಿ,
ಗೇಟಿನ ಒಳಗಡೆ, ಕಾವಲುಗಾರನ ಕುರ್ಚಿಯ ಮೇಲೆ.
ಬುತ್ತಿಗಂಟು ಬಿಚ್ಚಿದೆ.
ಆತ ನಿಂತೇ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತಿದ್ದಾನೆ.
"ಲಾಲ್‌ಬಾಗ್ ಅಂದಿದ್ರಲ್ಲ, ಮುಂದಿನ ರೈಲಿಗೆ ಬಂದೆ.
ನೀವ ಎಲ್ಲಿ ತಪ್ಪಿಸಿಕೊಂಡಿದ್ರಿ?
ಈ ಬಾಗಲಾ ಬಿಲ್ಲಿ ಇಲ್ಲದ ಹೊರಗ ಬಿಡವಲ್ದು."

ಇವರು ಮಾತಾಡಲಿಲ್ಲ.
ಒಂದು ಟೋಕನ್ನು ತೆಗೆದು ಅಕ್ಕನ ಅಂಗೈಯಲ್ಲಿಟ್ಟರು.
ತಾವು ಹಾಕಲಿಲ್ಲ. ಅವಳೇ ಹಾಕಿದಳು,
ಹುಂಡಿಗೆ ಹಾಕಿದಷ್ಟು ಮೆಲ್ಲಗೆ.
ಬಾಗಿಲು ತೆರೆಯಿತು.

ಹೊರಗೆ ಮತ್ತೆ ರಸ್ತೆ. ಮತ್ತೆ ಹೊಳೆ.
ದಾಟಿದ ಮೇಲೆ ಅವಳ ಕೈ ಎದ್ದಾಗ
ಮಗ ಹೆಬ್ಬೆರಳು ಹಿಡಿದ: "ಇಲ್ಲಿಂದ ಸುರು ಮಾಡು."
ನಾನು ಸೀರೆ ನೋಡಿದೆ.
ಸೀಗೆಕಾಯಿ ಬಣ್ಣ. ಕೆಂಪು ದಡಿ.
ಸೆರಗಿನ ತುದಿಗೆ ಎಂದೋ ಹಾಕಿದ ಕೈಹೊಲಿಗೆ.

ಗಾಜಿನ ಮನೆ ಮಾತ್ರ
ತೊಂಬತ್ತೆಂಟರಲ್ಲಿ ಇದ್ದಲ್ಲೇ ಇತ್ತಂತೆ.
ಆದರೂ ಇವರು
ಗೇಟಿನ ಕಡಲೆಕಾಯಿಯವಳ ಹತ್ತಿರ ಹೋಗಿ
ದಾರಿ ಕೇಳಿದರು.